ಗಡಿಬಾವಿಯ ಮಾರಿಯಮ್ಮನವರ ಸನ್ನಿಧಿಗೆ ಒಂದು ಅಹವಾಲು

ಮೇಲಡ್ಕ, ಪುತ್ತೂರು ತಾಲೂಕು
೧೯೫೮ರ ಬೇಸಗೆ

ಪೂಜ್ಯರೂ ಮಾನ್ಯರೂ ಆದ ಮಾರಿಯಮ್ಮನವರೇ,

ಉಭಯಕುಶಲೋಪರಿ ಎಂದು ಬರೆಯಲು ಕೈ ಬರುವುದಿಲ್ಲ. ವಾಂತಿಭೇದಿಯ ರೂಪದಲ್ಲಿ ತಾವು ಕುಶಲವಾಗಿಯೇ ಇದ್ದೀರಿ, ನಾವು ಇಲ್ಲ. ನಮ್ಮ ಮೇಲಡ್ಕಕ್ಕೂ ಪಕ್ಕದ ಕೆಳಡ್ಕಕ್ಕೂ ನಡುವೆ ಇರುವ ಬಾವಿಯಲ್ಲಿ ತಾವು ಬಿಡಾರ ಹೂಡಿದ್ದೀರಿ. ಬಾವಿಯ ಬಳಿಯ ಮನೆಯ ಅಪ್ಪಿ ಆಗಲೇ ಚಾಪೆ ಹಿಡಿದಿದ್ದಾಳೆ. ಅವಳು ಉಳಿಯಬೇಕು ಎಂಬುದೊಂದೇ ಈ ಪತ್ರದ ಸ್ವಾರ್ಥ.

ತಮ್ಮನ್ನು ಎದುರಿಸಲು ಎರಡೂ ಪಂಚಾಯತುಗಳು ಸೇರಿ ಜಂಟಿ ಸಮಿತಿ ರಚಿಸಿವೆ. ಕಡಬದ ಬಸ್ಸಿನಲ್ಲಿ ಬ್ಲೀಚಿಂಗ್ ಪೌಡರಿನ ಡಬ್ಬಿಯೂ ಬಂದಿಳಿದಿದೆ. ಬಾವಿ ಯಾರದೋ ಅವರೇ ಪೌಡರು ಸುರಿಯತಕ್ಕದ್ದು ಎಂದು ತೀರ್ಮಾನವಾದದ್ದೇ ತಡ, ನಿನ್ನೆಯವರೆಗೆ ಬಾವಿ ತಮ್ಮದೆಂದು ಕೋರ್ಟು ಹತ್ತಿದ್ದ ಇಬ್ಬರು ಅಧ್ಯಕ್ಷರೂ ಅದನ್ನು ಒಬ್ಬರಿಗೊಬ್ಬರು ಉದಾರವಾಗಿ ಬಿಟ್ಟುಕೊಟ್ಟರು. ಇಂಥ ತ್ಯಾಗವನ್ನು ನಾನು ಕಂಡವನಲ್ಲ. ಡಬ್ಬಿಯೀಗ ಹೂಮಾಲೆ ಹಾಕಿಸಿಕೊಂಡು ನಮ್ಮ ಪಂಚಾಯತು ಕಚೇರಿಯ ಬೆಂಚಿನ ಮೇಲೆ ಕುಳಿತಿದೆ.

ಹಾಗೆಂದು ಸಹಕಾರಕ್ಕೇನೂ ಕೊರತೆಯಿಲ್ಲ. ಹಿರಿಯರ ಪದ್ಧತಿಯಂತೆ ನಮ್ಮವರು ಸಂಜೆ ಡೋಲು ಬಡಿದು ತಮ್ಮನ್ನು ಗಡಿಕಲ್ಲಿನಾಚೆ ಓಡಿಸುತ್ತಾರೆ. ಮರುದಿನ ಕೆಳಡ್ಕದವರು ಅಷ್ಟೇ ಶ್ರದ್ಧೆಯಿಂದ ಈಚೆ ಓಡಿಸುತ್ತಾರೆ. ಈ ಅಲೆದಾಟದಿಂದ ತಮಗೆ ಆಯಾಸವಾಗಿದ್ದರೆ ಕ್ಷಮೆಯಿರಲಿ. ಡೋಲಿನವರಿಗೂ ಬಾಯಾರುತ್ತದೆ, ಎರಡೂ ಕಡೆಯವರು ಅದೇ ಬಾವಿಯ ನೀರು ಕುಡಿಯುತ್ತಾರೆ. "ನೀರಿಗೆ ಎಂತ ಗಡಿ ಉಂಟು ಮಾರಾಯ್ರೆ? ಯಾರಾದ್ರೂ ಒಬ್ರು ಹಾಕಿಬಿಡಿ" ಎಂದ ಅಪ್ಪಿಯ ಗಂಡ ಚೆನ್ನಪ್ಪನನ್ನು, ಸಭೆಯ ಶಿಸ್ತು ಮುರಿದನೆಂದು ಹೊರಗೆ ಕಳಿಸಲಾಯಿತು.

ಆದಕಾರಣ ತಮ್ಮಲ್ಲಿ ಬಿನ್ನಹವೇನೆಂದರೆ, ಬಾವಿಯ ಒಡೆತನ ಇತ್ಯರ್ಥವಾಗುವವರೆಗೆ ತಾವು ಯಾರನ್ನೂ ಮುಟ್ಟದೆ ಗಡಿಕಲ್ಲಿನ ಮೇಲೆ ಕುಳಿತು ವಿಶ್ರಮಿಸಬೇಕು. ಅದಾಗದಿದ್ದರೆ ಅಧ್ಯಕ್ಷರಿಬ್ಬರಲ್ಲಿ ಒಬ್ಬರ ಮನೆಗೆ ಸಣ್ಣದೊಂದು ಸೌಜನ್ಯದ ಭೇಟಿ ಕೊಡಬೇಕು. ಜೀವಕ್ಕೇನೂ ಆಗುವುದು ಬೇಡ, ಚೊಂಬು ಹಿಡಿದು ಗುಡ್ಡೆಗೆ ಓಡುವಷ್ಟಾದರೆ ಸಾಕು.

ಡೋಲಿನ ಸದ್ದಿಗೆ ನಿದ್ದೆಗೆಟ್ಟಿರುವ,
ತಮ್ಮ ವಿಶ್ವಾಸಿ,
ಉದಯಶಂಕರ

ವಿ.ಸೂ.: ಅಂಚೆಗೆ ಹಾಕುವ ಮೊದಲೇ ತಾವು ಪತ್ರ ಓದಿಕೊಂಡಿರೆಂದು ಕಾಣುತ್ತದೆ. ಮೊನ್ನೆ ಬೆಳಿಗ್ಗೆ ನಮ್ಮ ಅಧ್ಯಕ್ಷರ ಅಳಿಯ ಗುಡ್ಡೆಗೆ ಓಡಿದರು. ಅಧ್ಯಕ್ಷರು ಡಬ್ಬಿ ಹಿಡಿದು, ಮಾಲೆ ತೆಗೆಯಲೂ ಮರೆತು, ಬಾವಿಗೆ ಓಡಿದರು. ಅಪ್ಪಿ ಇವತ್ತು ಗಂಜಿತೆಳಿ ಕೇಳಿ ಕುಡಿದಿದ್ದಾಳೆ. ಅಳಿಯನೂ ಚೇತರಿಸಿಕೊಳ್ಳುತ್ತಿದ್ದಾರೆ. ಆದರೂ ತಾವು ಹೊರಡಲು ಅವಸರಪಡಬಾರದು. ಶಾಲೆಯ ಬಾವಿಗೆ ಇನ್ನೂ ಪೌಡರು ಬಿದ್ದಿಲ್ಲ, ಅಧ್ಯಕ್ಷರಿಗೆ ಇನ್ನೊಬ್ಬರು ಅಳಿಯ ಇದ್ದಾರೆ.