ಕತ್ತಿ ಹಿಡಿದು ಬಂದ ಅತಿಥಿ

"ಅತ್ತಿಗೆ, ವಿಡಿಯೋ ಗೇಮನ್ನ ಟೀವಿ ಒಳಗೆ ಆಡೋ ಕಾಲ ಮುಗೀತು! ಇನ್ಮೇಲೆ ಆಟದ ಜನ ಆಚೆಗೇ ಬಂದು ಕತ್ತಿ ವರಸೆ ಮಾಡ್ತಾರೆ!" ಎನ್ನುತ್ತ ಪ್ರಾಣೇಶ, ಮಿಕ್ಸಿ ಜಾರಿಗೆ ತಾಮ್ರದ ತಂತಿ ಸುತ್ತಿ ಮಾಡಿದ ಯಂತ್ರವನ್ನು ಟೀವಿ ಪಕ್ಕ ಕುಕ್ಕಿದ.

ಇಂದುಮತಿಗೆ ಇದನ್ನೆಲ್ಲ ಕೇಳುವ ಪುರುಸೊತ್ತಿರಲಿಲ್ಲ. ಆಯುಧಪೂಜೆಯ ದಿನ. ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಇಟ್ಟು ಆಗಷ್ಟೇ ಒಳಗೆ ಬಂದಿದ್ದಳು. ಸಂಜೆ ಬೀದಿಯ ಹೆಂಗಸರೆಲ್ಲ ಗೊಂಬೆ ನೋಡಲು ಬರುವವರಿದ್ದರು. ಟೀವಿಯ ಎದುರಿಗೇ ಅವಳ ತಾಯಿ ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ, ಮೇಲಿನ ಮೆಟ್ಟಿಲಲ್ಲಿ ನಿಂತಿದ್ದವು. ತಾಯಿಯ ನೆನಪಿಗೆ ಅವಳಲ್ಲಿ ಉಳಿದದ್ದು ಅದೊಂದೇ ಜೋಡಿ.

"ಹೋದ ಸಲ ದೋಸೆ ತಿರುವೋ ಯಂತ್ರ ಮಾಡಿದ್ಯಲ್ಲ, ಆ ದೋಸೆ ಇನ್ನೂ ಚಾವಣೀಲಿ ಅಂಟ್ಕೊಂಡಿದೆ!"

"ಇದು ಬುದ್ಧಿವಂತ ಯಂತ್ರ ಅತ್ತಿಗೆ! ಬಂದ ಮನೆಯ ರೀತಿ ರಿವಾಜೆಲ್ಲ ನೋಡಿ ಕಲಿಯುತ್ತೆ!"

ಸ್ವಿಚ್ ಒತ್ತಿದ. ಟೀವಿಯಲ್ಲಿ ಹಡಗು ಕಾಣಿಸಿತು, ನಡುಮನೆಗೆಲ್ಲ ಉಪ್ಪುಗಾಳಿ ಬೀಸಿತು. ಕೆಂಪು ಅಂಗಿಯ ಕಡಲ್ಗಳ್ಳರ ನಾಯಕ ಹಗ್ಗ ಹಿಡಿದು ಜೋಲಿ ಹೊಡೆದು, ಧೊಪ್ಪನೆ ಜಮಖಾನದ ಮೇಲೆ ಇಳಿದೇಬಿಟ್ಟ! ಬಾಗಿಲಲ್ಲಿದ್ದ ಚಪ್ಪಲಿಗಳನ್ನು ನೋಡಿದ. ನಾಚಿಕೊಂಡು ತನ್ನ ಬೂಟು ಬಿಚ್ಚಿ ಅವುಗಳ ಪಕ್ಕ ಒಪ್ಪವಾಗಿಟ್ಟು ಬಂದು, ಕತ್ತಿ ಹಿರಿದ.

ಇಂದುಮತಿ ಬಾಯಿ ಬಿಟ್ಟುಕೊಂಡು ನಿಂತಳು. ಇಷ್ಟು ಚೆಂದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಪ್ರಾಣೇಶ ಆಟ ಆಡಲು ಯಂತ್ರದ ಜೊತೆಗಿದ್ದ ಕೋಲನ್ನೇ ಕತ್ತಿಯಂತೆ ಬೀಸಿದ. ನಾಯಕ ಒಂದೇ ಏಟಿಗೆ ಮಾವಿನ ತೋರಣ ಕತ್ತರಿಸಿದ. ಆಮೇಲೆ ಪ್ರಾಣೇಶನ ಷರ್ಟಿನ ಗುಂಡಿಗಳನ್ನು ಕಡಲೆಕಾಯಿ ಬಿಡಿಸಿದಷ್ಟು ಸಲೀಸಾಗಿ ಉದುರಿಸಿದ.

"ಸ್ವಿಚ್ ಆರ್ಸೋ!"

"ಆರ್ಸಿದೀನಿ ಅತ್ತಿಗೆ! ನಮ್ಮನೆ ರಿವಾಜು ಕಲಿತುಬಿಟ್ಟಿದೆ, ಹೇಳಿದ ಮಾತೇ ಕೇಳ್ತಿಲ್ಲ!"

ಪ್ರಾಣೇಶ ಕೋಲು ಬಿಸಾಕಿ ಸೋಫಾದ ಹಿಂದೆ ಅವಿತ. ನಾಯಕ ಬೇರೆ ಎದುರಾಳಿಗಾಗಿ ಸುತ್ತ ನೋಡಿದ. ಸೊಂಟದಲ್ಲಿ ಕತ್ತಿ ಇಟ್ಟುಕೊಂಡು, ಕಣ್ಣು ಮಿಟುಕಿಸದೆ ತನ್ನನ್ನೇ ದಿಟ್ಟಿಸುತ್ತಿದ್ದವನು ಒಬ್ಬನೇ: ಪಟ್ಟದ ಗೊಂಬೆ ರಾಜ!

"ಭಲೇ ವೀರ! ಹಿರಿ ಕತ್ತಿ!" ಎಂದು ಅಬ್ಬರಿಸಿ ನಾಯಕ ಕೈ ಎತ್ತಿದ.

ಇಂದುಮತಿ ಕುಂಕುಮದ ಭರಣಿ ಹಿಡಿದೇ ಓಡಿ ಅಡ್ಡ ನಿಂತಳು. "ಏಯ್! ಪೂಜೆಯ ದಿನ ಯಾರಾದರೂ ಆಯುಧ ಬೀಸ್ತಾರೇನೋ?" ಎಂದವಳೇ ಆ ಕತ್ತಿಗೂ ಕುಂಕುಮ ಹಚ್ಚಿ, ಹಿಡಿಗೆ ಒಂದು ಚೆಂಡುಹೂವು ಸಿಕ್ಕಿಸಿದಳು.

ನಾಯಕ ನಾಲಿಗೆ ಕಚ್ಚಿಕೊಂಡ. ಕತ್ತಿಯನ್ನು ರಾಜನ ಕಾಲ ಬಳಿ ಇಟ್ಟು ಕೈಮುಗಿದು, ಚಕ್ಕಳಮಕ್ಕಳ ಹಾಕಿ ಕೂತ. ಟೀವಿಯೊಳಗೆ ಹಡಗಿನವರೆಲ್ಲ ಕತ್ತಿಗಳನ್ನು ಸಾಲಾಗಿ ಒರಗಿಸಿ ಕೈಮುಗಿದರು. ಅವರ ಹಿಂದೆ ಇಡೀ ಸಮುದ್ರವೇ ಅಲೆ ನಿಲ್ಲಿಸಿತ್ತು! ಇಂದುಮತಿಗೆ ಮೈ ಝುಮ್ಮೆಂದಿತು. ತನಗೇ ಗೊತ್ತಿಲ್ಲದಂತೆ ಅವಳೂ ಕೈಮುಗಿದಳು.

ಸಂಜೆ ಬಂದ ಹೆಂಗಸರು, "ಉಸಿರಾಡೋ ಗೊಂಬೆ ಎಲ್ಲಿ ಸಿಕ್ತ್ರೀ?" ಎಂದು ಬೆರಗಾದರು. ಗೊಂಬೆ ಕಡಲೆ ಉಸಲಿಯನ್ನು ಮೂರು ಸಲ ಹಾಕಿಸಿಕೊಂಡಿತು.

ಹೆಂಗಸರೆಲ್ಲ ಹೋದರೂ ನಾಯಕ ಕೂತೇ ಇದ್ದ. ಪ್ರಾಣೇಶ ಸೋಫಾದ ಹಿಂದಿನಿಂದ ತಲೆ ಎತ್ತಿದ. "ಗೆದ್ವಿ ಅಲ್ವಾ ಅತ್ತಿಗೆ!"

ಇಂದುಮತಿ ಒಂದು ದಿನ ಮೊದಲೇ ರಾಜ ರಾಣಿಯರನ್ನು ಮೆತ್ತಗೆ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟಳು. ಬಿದ್ದಿದ್ದ ಕೋಲನ್ನು ಎತ್ತಿ ಮೈದುನನ ಕೈಗೆ ಕೊಟ್ಟಳು.

"ನಾಳೆ ವಿಜಯದಶಮಿ ಕಣೋ, ಪೂಜೆಗಿಟ್ಟ ಆಯುಧ ಮತ್ತೆ ಎತ್ತಿಕೊಳ್ಳೋ ದಿನ. ಅಷ್ಟರೊಳಗೆ ಷರ್ಟಿಗೆ ಗುಂಡಿ ಹೊಲ್ಕೋ."