‘ಸದ್ಯಕ್ಕೆ’ ಎಂಬ ಪದಕ್ಕೊಂದು ತಾರೀಖು ಕೋರಿ

ತಂಪುಕೋಣೆಯ ತಂತ್ರಾಂಶಕ್ಕೆ ಸಹಾಯಪುಟಗಳನ್ನು ಬರೆದು ಲೋಕಕ್ಕೆ ದಯಪಾಲಿಸಿರುವ ಮಾನ್ಯರೇ,

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಅರ್ಧ ಎಕರೆ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವ ಪ್ರಮೋದಾ ಎಂಬ ನಾನು, ಕಾಲವನ್ನೇ ತಡೆದು ನಿಲ್ಲಿಸಿರುವ ತಮ್ಮ ಲೇಖನಿಗೆ ಮೊದಲು ಕೈಮುಗಿದು, ಆಮೇಲೆ ನಡೆದ ಸಂಗತಿಯನ್ನು ಅರಿಕೆ ಮಾಡಿಕೊಳ್ಳುತ್ತೇನೆ.

2017ರ ಫೆಬ್ರವರಿ ಒಂಬತ್ತರಂದು ನಮ್ಮ ಹೂವು ಮೊದಲ ಬಾರಿಗೆ ದೇವನಹಳ್ಳಿಯಲ್ಲಿ ವಿಮಾನ ಹತ್ತಬೇಕಿತ್ತು. ಆರು ವರ್ಷ ಏಜೆಂಟರ ಹಿಂದೆ ಅಲೆದು ಪಡೆದ ಆರ್ಡರು. ಡಬ್ಬಿಗಳ ಮೇಲೆ ನಮ್ಮೂರ ಹೆಸರನ್ನು ನಾನೇ ನಿಂತು ಅಚ್ಚು ಹಾಕಿಸಿದ್ದೆ. ಹಿಂದಿನ ದಿನ ಮೊಗ್ಗುಗಳನ್ನು ಕೊಯ್ದು ತಂಪುಕೋಣೆಯಲ್ಲಿಟ್ಟು, ತಂಪು ಸಾಲದೆನಿಸಿ ತಮ್ಮ ಪುಟ ತೆರೆದೆ. “ಸದ್ಯಕ್ಕೆ ಹಸಿರು ಗುಂಡಿ ಒತ್ತಿದರೆ ತಂಪು ಹೆಚ್ಚುತ್ತದೆ, ಮುಂದಿನ ಆವೃತ್ತಿಯಲ್ಲಿ ಈ ಗುಂಡಿ ಬೇರೆ ಕೆಲಸಕ್ಕೆ ಬಳಕೆಯಾಗಲಿದೆ” ಎಂದಿತ್ತು. ಸದ್ಯ ಎಂದರೆ ಸದ್ಯವೇ ಎಂದು ನಂಬುವ ಹೆಂಗಸು ನಾನು. ಒತ್ತಿ, ನಿಶ್ಚಿಂತೆಯಿಂದ ಬಾಗಿಲು ಹಾಕಿಕೊಂಡು ಬಂದೆ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದ ನಮ್ಮತ್ತೆ ಸೊಣ್ಣಮ್ಮ ಕೂಗಿಕೊಂಡರು: “ಏನಮ್ಮಾ ಪ್ರಮೋದಾ, ಒಳಗೆ ಒಲೆ ಗಿಲೆ ಹಚ್ಚಿದ್ದೀಯಾ? ಹೂವೆಲ್ಲಾ ಅರಳ್ಕೊಂಡ್ಬಿಟ್ಟವೆ!”

ಕೂಡಲೇ ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಕೀರ್ತನ ಎಂಬಾಕೆ ಮೆಲ್ಲಗೆ ಹೇಳಿದಳು: “ಅಕ್ಕಾ, ಹಸಿರು ಗುಂಡಿ ಈಗ ಇರೋದು ಕೋಣೆ ಬಿಸಿ ಮಾಡಿ ಐಸ್ ಕರಗ್ಸೋಕೆ. ಆ ಪುಟದಲ್ಲಿರೋ ‘ಸದ್ಯ’ ಮುಗ್ದು ಎರಡು ವರ್ಷ ಆಯ್ತು.”

“ಮತ್ತೆ ಅದನ್ನ ಯಾರೂ ಅಳಿಸ್ಲಿಲ್ವೇನಮ್ಮಾ?” ಎಂದೆ. ಅವಳು ನನ್ನ ನಂಬರು ಬರೆದುಕೊಂಡಳು.

ಮೊಗ್ಗಾದರೆ ಮಾತ್ರ ವಿಮಾನಕ್ಕೆ ಎಂದು, ಅರಳಿದ ಹೂವನ್ನು ಏಜೆಂಟರು ಮುಟ್ಟಲಿಲ್ಲ. ವಿಮಾನ ಹೋಯಿತು. ನಮ್ಮತ್ತೆ ಮಾತ್ರ ಕೈಚೆಲ್ಲಿ ಕೂರದೆ ಅಷ್ಟನ್ನೂ ಗೂಡ್ಸ್ ಆಟೋಗೆ ಹೇರಿಸಿ, ಸಮೇತನಹಳ್ಳಿಯ ನೆಂಟರ ಮದುವೆ ಚಪ್ಪರಕ್ಕೆ ಕಟ್ಟಿಸಿದರು. ಬಂದವರೆಲ್ಲ ಹೊಗಳಿದರು. ಆ ಚಪ್ಪರದಡಿ ನಿಂತು ನಾನು ಕಣ್ಣೊರೆಸಿಕೊಂಡದ್ದನ್ನು ಹೆಣ್ಣಿನ ಕಡೆಯವಳೆಂಬ ಕಾರಣಕ್ಕೆ ಯಾರೂ ತಪ್ಪು ತಿಳಿಯಲಿಲ್ಲ.

ಮಾನ್ಯರೇ, ಆಮೇಲೆ ತಮ್ಮ ಪುಟಗಳನ್ನೆಲ್ಲ ಓದಿ ಬೆರಗಾದೆ. ತಾವು “ಇತ್ತೀಚಿನ” ಎಂದಿರುವ ಫೋನು ಅಂಗಡಿಯಿಂದ ಮಾಯವಾಗಿ ಐದು ವರ್ಷವಾಯಿತು. “ಶೀಘ್ರದಲ್ಲೇ” ಬರುವ ಎಚ್ಚರಿಕೆಯ ಗಂಟೆ ನಾವು ಕೋಣೆ ಕಟ್ಟಿಸುವ ಮೊದಲಿಂದಲೂ ಬರುತ್ತಲೇ ಇದೆ. ಮುಪ್ಪನ್ನೇ ಗೆದ್ದ ಬರಹ! ಆದರೂ ಒಂದು ವಿನಂತಿ: ಪ್ರತಿಯೊಂದು “ಸದ್ಯಕ್ಕೆ”ಯ ಪಕ್ಕದಲ್ಲಿ ಯಾವ ಆವೃತ್ತಿ, ಯಾವ ತಾರೀಖು ಎಂದು ಬರೆಯಿರಿ, ಗುಂಡಿ ಬದಲಾದ ದಿನವೇ ಪುಟವನ್ನೂ ತಿದ್ದಿರಿ. ಇದು ತಮ್ಮ ಘನತೆಗೆ ಕುಂದೆನಿಸಿದರೆ, ತಾವು ತಿದ್ದುವವರೆಗೆ ಅರಳಕೂಡದೆಂದು ಗುಲಾಬಿಗಳಿಗೂ ಹಾರಕೂಡದೆಂದು ವಿಮಾನಗಳಿಗೂ ಒಂದು ಸುತ್ತೋಲೆ ಹೊರಡಿಸಿ.

ಇಷ್ಟಾದರೂ ತಮ್ಮನ್ನು ನಂಬಲು ಯತ್ನಿಸುತ್ತಿರುವ,
ತಮ್ಮ ವಿಶ್ವಾಸಿ,
ಪ್ರಮೋದಾ
ಜಡಿಗೇನಹಳ್ಳಿ, 20 ಫೆಬ್ರವರಿ 2017

ಮರೆತ ಮಾತು: ಎರಡು ದಿನ ಬಿಟ್ಟು ಕೀರ್ತನ ತಾನಾಗಿಯೇ ಫೋನು ಮಾಡಿದ್ದಳು. ಆ ಸಾಲು ತಪ್ಪೆಂದು ಅವಳು ತಮಗೆ ನಾಲ್ಕು ಸಲ ಬರೆದಿದ್ದಳಂತೆ. ನಾಲ್ಕಕ್ಕೂ “ಪರಿಶೀಲನೆಯಲ್ಲಿದೆ” ಎಂಬ ಒಂದೇ ಉತ್ತರವಂತೆ. ದಯಮಾಡಿ ಪುಟ ಬರೆಯುವ ಕೆಲಸವನ್ನು ಅವಳಿಗೆ ಕೊಟ್ಟು, ಅವಳ ಕುರ್ಚಿಯಲ್ಲಿ ತಾವು ಒಂದೇ ಒಂದು ವಾರ ಕೂತು ಫೋನು ಎತ್ತಿ ನೋಡಿ.