ಜೂನ್ ಒಂದರಂದು ಹುಟ್ಟಿದ ತಪ್ಪಿಗೆ

ಭರ್ಜರಿ ಬೆಟ್ ಕಂಪನಿಯ ಗ್ರಾಹಕ ಸಂತೋಷ ವಿಭಾಗದ ಮಾನ್ಯರೇ,

ತಾವು ಯಾವ ದ್ವೀಪದಲ್ಲಿ ಕುಳಿತಿದ್ದೀರೋ ತಿಳಿಯದ ಕಾರಣ ನಾಲ್ಕೂ ದಿಕ್ಕಿಗೆ ತಿರುಗಿ ಒಂದೊಂದು ನಮಸ್ಕಾರ ಸಲ್ಲಿಸಿ, ಯಲಬುರ್ಗಾ ಕಡೆಯ ತಳಕಲ್ಲಿನ ಹನಮೇಶನಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ: ಹುಟ್ಟುಹಬ್ಬದ ದಿನ ಹಾಕಿದ ಹಣಕ್ಕೆ ಅಷ್ಟೇ ಬೋನಸ್ ಎಂಬ ತಮ್ಮ ಔದಾರ್ಯವನ್ನು ನಂಬಿ, ನನ್ನ ಹೆಂಡತಿ ಮಾರೆಮ್ಮ ಹಿಂಡಿ ತಿನ್ನಿಸಿ ಬೆಳೆಸಿದ ಎರಡು ಟಗರು ಮಾರಿ, ಬ್ಯಾಂಕಿಗೆ ಕಟ್ಟಲೆಂದು ನನ್ನ ಕೈಗಿತ್ತ ಹಣವನ್ನು ಜೂನ್ ಒಂದರ ಬೆಳಿಗ್ಗೆ ತಮ್ಮ ಆ್ಯಪಿಗೆ ಅರ್ಪಿಸಿದೆ. ಮಧ್ಯಾಹ್ನದೊಳಗೆ ಜನ್ಮದಿನದ ಶುಭಾಶಯವೂ ಹಣ ಜಪ್ತಿ ಮಾಡಿ ಖಾತೆ ಮುಚ್ಚಿದ ಸುದ್ದಿಯೂ ಒಟ್ಟಿಗೇ ಬಂದವು. ಎರಡರಲ್ಲೂ ಕೇಕಿನ ಚಿತ್ರವಿತ್ತು.

ಒಂದೇ ಊರಿನ ಹತ್ತಾರು ಖಾತೆಗಳು ಒಂದೇ ಜನ್ಮದಿನ ಹೇಳಿ ಬೋನಸ್ ಕೇಳಿದ್ದರಿಂದ, ನಾವೆಲ್ಲ ಸೇರಿ ಒಬ್ಬನೇ ವಂಚಕನೆಂದು ತಮ್ಮ ಯಂತ್ರ ಕಂಡುಹಿಡಿಯಿತಂತೆ. ಎಂಥ ಚುರುಕು! ಆದರೆ ಮಾನ್ಯರೇ, ನಮ್ಮೂರಲ್ಲಿ ಮಕ್ಕಳು ವರ್ಷವಿಡೀ ಹುಟ್ಟುತ್ತಾರೆ, ತಾರೀಕು ಮಾತ್ರ ಶಾಲೆಗೆ ಹೆಸರು ಹಚ್ಚುವ ದಿನ ಸಿಗುತ್ತಿತ್ತು. ಹೆಡ್‌ಮಾಸ್ತರರು ಕೇಳಿದಾಗ ನಮ್ಮವ್ವ ದುರಗಮ್ಮ, "ಬಿಳಿಜೋಳದ ಸೀತನಿ ಸುಟ್ಟು ತಿನ್ನೋ ದಿನದಾಗ ಹುಟ್ಟ್ಯಾನ್ರಿ" ಎಂದಳು. ಎಳೆ ತೆನೆ ಸುಡುವ ಆ ಚಳಿಗಾಲವನ್ನು ಅವರು ಧಾರಾಳವಾಗಿ ಜೂನ್ ಒಂದು ಎಂದು ಬರೆದುಕೊಂಡರು. ನೆರೆಮನೆಯ ಗೋಣೆಪ್ಪನಿಗೂ, ಹಿಟ್ಟಿನ ಗಿರಣಿಯ ಮರ್ದಾನಸಾಬನಿಗೂ ಅದೇ ದಿನವನ್ನು ದಯಪಾಲಿಸಿದರು.

ನಿಜವಾದ ಹುಟ್ಟಿಗೆ ಸಾಕ್ಷಿ ಕೊಡಿ ಎಂದಿರಿ. ಅವ್ವನನ್ನೇ ಕ್ಯಾಮೆರಾ ಮುಂದೆ ಕೂರಿಸಿದೆ. ಯಂತ್ರ ಆಕೆಯನ್ನು ನೋಡಿ, "ದಾಖಲೆ ಹಳೆಯದು, ಸ್ಪಷ್ಟವಾಗಿಲ್ಲ, ಮತ್ತೊಮ್ಮೆ ಅಪ್‌ಲೋಡ್ ಮಾಡಿ" ಎಂದಿತು. "ಯಾಂವ ಅಂವ, ನಾ ಹಡದಿದ್ದು ಸುಳ್ಳಂತಾನ?" ಎಂದು ಅವ್ವ ಫೋನಿಗೇ ಕೈ ಎತ್ತಿದಳು. ತಮ್ಮ ಪುಣ್ಯ, ನಡುವೆ ಸಮುದ್ರವಿದೆ.

ಆದ್ದರಿಂದ ತಾವು ದಯಮಾಡಿ ತಳಕಲ್ಲಿಗೆ ಬಂದು, ನಮ್ಮೆಲ್ಲರ ಹುಟ್ಟನ್ನು ವರ್ಷದ ತುಂಬ ಹರಡಿ ಹೊಸ ತಾರೀಕು ಹಂಚಬೇಕು. ಅದು ಕಷ್ಟವೆನಿಸಿದರೆ ಬೋನಸ್ ತಾವೇ ಉಣ್ಣಿ, ಆ ಎರಡು ಟಗರು ಸಾಕು. ಕೊಂಬಿನ ಸಮೇತ ಅವೇ ಬೇಕು, ಬೇರೆಯವನ್ನು ತಂದರೆ ಮಾರೆಮ್ಮ ಕಿವಿ ನೋಡಿಯೇ ಹಿಡಿಯುತ್ತಾಳೆ. "ಪಾಸ್‌ಬುಕ್ಕಿನ್ಯಾಗ ಬರಸ್ಕೊಂಡು ಬಂದ್ರೇನ್ರಿ?" ಎಂದು ಆಕೆ ದಿನವೂ ಕೇಳುತ್ತಾಳೆ, ಬ್ಯಾಂಕಿನ ಯಂತ್ರ ಕೆಟ್ಟಿದೆ ಎಂದು ನಾನು ದಿನವೂ ಹೇಳುತ್ತೇನೆ. ನನಗೆ ನಿಜಕ್ಕೂ ಹೆದರಿಕೆಯಾಗಿದೆ. ಆಕೆ ಪತ್ರಿಕೆ ಓದುವುದಿಲ್ಲವೆಂಬ ಒಂದೇ ಧೈರ್ಯದಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ವಿಶ್ವಾಸಿ,
ಶಾಲೆಯ ದಾಖಲೆ ಪ್ರಕಾರ ಹುಟ್ಟಿದ
ಹನಮೇಶ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಮಾರೆಮ್ಮನ ಫೋನಿಗೆ ತಮ್ಮ ಆಮಂತ್ರಣ ಬಂತು: "ನಿಮ್ಮ ಗೆಳೆಯ ಹನಮೇಶ ಜೂನ್ ಒಂದರಂದು ನಮ್ಮಲ್ಲಿ ಹಣ ಹಾಕಿದ್ದಾರೆ, ನೀವೂ ಬನ್ನಿ." ಆಕೆ ಪತ್ರಿಕೆ ಓದದಿದ್ದರೂ ಫೋನು ಓದುತ್ತಾಳೆ. ಬೈಯಲಿಲ್ಲ. ಟಗರು ಕಟ್ಟುತ್ತಿದ್ದ ಗೂಟದ ಪಕ್ಕ ನನ್ನ ಚಾಪೆ ಹಾಸಿ, "ಅವು ಬರೋತನಕ ಇಲ್ಲೇ ಇರ್ರಿ" ಎಂದು ಒಳಗಿನಿಂದ ಅಗಳಿ ಹಾಕಿಕೊಂಡಳು. ತಮ್ಮ ಉತ್ತರವನ್ನು ದಯವಿಟ್ಟು ಗೂಟದ ವಿಳಾಸಕ್ಕೇ ಕಳಿಸಿ.